ಏನಿಲ್ಲ ಬಿಡು

ಕೊಟ್ಟೂರಿನ ಪಂಚಾಕ್ಷರಪ್ಪನ ಹೆಂಡತಿ ನಾಗಲಿಂಗಮ್ಮನಿಗೆ ಕಿವಿ ಮಂದವಾಗಿ ಆರು ವರ್ಷವಾಗಿತ್ತು. ಅವಳು "ಏನಂದ್ರಿ?" ಎಂದು ಕೇಳಿದಾಗಲೆಲ್ಲ ಅವನು "ಏನಿಲ್ಲ ಬಿಡು" ಎಂದುಬಿಡುತ್ತಿದ್ದ. ಬರಬರುತ್ತ ಅವಳು ಕೇಳುವುದನ್ನೇ ಬಿಟ್ಟಳು, ಬಂದವರ ಜೊತೆ ಕೂರುವುದನ್ನೂ ಬಿಟ್ಟಳು. ಮನೆ ತಣ್ಣಗಿದೆಯೆಂದು ಅವನಿಗೆ ಒಳಗೊಳಗೇ ಹಿತವಾಗಿತ್ತು.

ಈಚೆಗೆ ಅವಳಿಗೆ ಮೊಮ್ಮಗಳ ಹೆಸರೇ ಮರೆತುಹೋಯಿತು. ಹರಪನಹಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, "ಯಜಮಾನ್ರೇ, ಮೊದಲೇ ಕಿವಿ ತೋರಿಸ್ಬೇಕಿತ್ತು. ಮಾತು ಕಿವಿಗೆ ಬೀಳದಿದ್ರೆ ಮೆದುಳಿಗೂ ಕೆಲಸ ಕಡಿಮಿ ಆಗಿ ಮರವು ಹೆಚ್ಚಾಗಬೌದು. ಈಗಲಾದ್ರೂ ಮಿಷನ್ ಹಾಕಿಸ್ರಿ, ದಿನಾ ಕುಂತು ಮಾತಾಡ್ರಿ" ಎಂದರು. ಪಂಚಾಕ್ಷರಪ್ಪನಿಗೆ ತಲೆ ಎತ್ತಲಾಗಲಿಲ್ಲ.

ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದ ಸಂಜೆ ಅವಳು ಕಟ್ಟೆಯ ಮೇಲೆ ಕೂತು, "ನಮ್ಮ ತಂಗಿ ಮಗಳ ಲಗ್ನ ಯಾವಾಗ್ರಿ?" ಎಂದಳು. ಅದು ಹೋದ ವರ್ಷವೇ ಆಗಿತ್ತು. ವಧೂವರರಿಗೆ ಅಕ್ಕಿಕಾಳು ಹಾಕುವಾಗ ಅವಳೂ ಅಲ್ಲೇ ಇದ್ದಳು. ಆದರೆ ಯಾರೂ ಅವಳನ್ನು ಮಾತಾಡಿಸಿರಲಿಲ್ಲ, ಅವನೂ.

"ಆಗೇತಿ. ನೀನೂ ಬಂದಿದ್ದಿ. ನಾನು ನಿನಗ ಒಂದೂ ತಿಳಿಸಿ ಹೇಳಲಿಲ್ಲ, ತಪ್ಪು ನಂದೈತಿ" ಎಂದ.

ಅವಳು ಹತ್ತಿರ ಸರಿದು, "ಈಗ ಹೇಳ್ರಿ" ಎಂದಳು.

ಅವನು ಲಗ್ನದ ಹಂದರ ಹಾಕಿದ ದಿನದಿಂದ ಶುರುಮಾಡಿದ.