ಕಟೌಟಿನ ಕರಡಿ

ಹೀರೋನೇ ಇಲ್ಲದ ಸಿನಿಮಾಕ್ಕೆ ಯಾರ ಕಟೌಟ್ ನಿಲ್ಲಿಸುತ್ತೀರಿ? ನಾನು ಕರಡಿಯದ್ದು ನಿಲ್ಲಿಸಿದೆ. ಮಧುಗಿರಿಯ ನಮ್ಮ ಟಾಕೀಸಿನ ಮುಂದೆ, ಗೇಟಿಗಿಂತ ಎತ್ತರಕ್ಕೆ. ಗೇಟು ಕಾಯುವ ಮೂಡಲಗಿರಿಯಪ್ಪ ತೆಂಗಿನ ನಾರಿಗೆ ಕಪ್ಪು ಬಣ್ಣ ಹಚ್ಚಿ, ಕತ್ತಿನಿಂದ ಕಾಲಿನವರೆಗೂ ಕೂದಲು ಅಂಟಿಸಿದ. ಹೀರೋಗಳಿಗೆ ಹಾಕುವಂಥ ಹಾರವನ್ನೂ ಹಾಕಿದೆವು. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ನಕ್ಕರು. ನಗಲಿ ಬಿಡಿ, ನನ್ನ ಗಂಟೇನು ಹೋಯಿತು.

ಸಿನಿಮಾ ಮಾಡಿದವಳು ಮಧುಶ್ರೀ ಎಂಬ ಹುಡುಗಿ. ನಮ್ಮ ಬೆಟ್ಟದ ಬಂಡೆಗಳ ನಡುವೆಯೇ ನಡೆಯುವ ಕಥೆ, ಊರನ್ನೇ ನಡುಗಿಸುವ ದೈತ್ಯ ಕರಡಿಯದ್ದು. ಎಲ್ಲಿಂದಲೂ ಕದ್ದದ್ದಲ್ಲ, ಯಾವುದರ ಎರಡನೇ ಭಾಗವೂ ಅಲ್ಲ. ಕೋಟಿಗಟ್ಟಲೆ ಸುರಿದಿದ್ದರು. ಶುಕ್ರವಾರ ಬಿಡುಗಡೆಯಾಯಿತು, ಸೋಮವಾರದ ಹೊತ್ತಿಗೆ ಖಾಲಿ ಕುರ್ಚಿ. ಶಿರಾ, ಪಾವಗಡದ ಟಾಕೀಸುಗಳಿಂದ ಎತ್ತಿಯೇಬಿಟ್ಟರು. ದೊಡ್ಡ ಹೀರೋನ ಸಿನಿಮಾ ಮಕಾಡೆ ಮಲಗಿದರೆ ಟೈಮು ಸರಿಯಿರಲಿಲ್ಲ ಎನ್ನುತ್ತಾರೆ. ಹೊಸ ಕಥೆ ಮಲಗಿದರೆ ಹೊಸ ಕಥೆಗೆ ದುಡ್ಡು ಹಾಕಿದ್ದೇ ತಪ್ಪು ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಂಗಳವಾರ ಕೊಡಿಗೇನಹಳ್ಳಿಯ ಮುನಿಯಮ್ಮ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಕರಡಿಯ ಕಾಲಿನಿಂದ ನಾರು ಕೀಳತೊಡಗಿದಳು.

"ಏನಮ್ಮ ಮಾಡ್ತಿದೀಯ?"

"ಕೂಸು ನಿದ್ದೇಲಿ ಬೆಚ್ಚಿಬೀಳ್ತೈತೆ. ತಾಯಿತಕ್ಕೆ ಕರಡಿ ಕೂದ್ಲು ಬೇಕು ಕಣಮ್ಮ."

"ಅದು ತೆಂಗಿನ ನಾರು."

"ಕಾಣ್ತೈತೆ ಬುಡು. ಕರಡಿ ಆಡ್ಸೋರು ಈಗ ಎಲ್ಲವ್ರೆ? ಮೊದ್ಲು ಅದ್ರ ಬೆನ್ ಮ್ಯಾಲೆ ಕೂರ್ಸಿದ್ರೆ ಮಕ್ಳ ಭಯ ಹೋಗೋದು. ಒಳಗೆ ಇನ್ನೂ ದೊಡ್ಡದು ಐತಂತಲ್ಲ, ಅದ್ನೂ ತೋರ್ಸ್ಬುಡಾನ ಅಂತ ಬಂದೆ."

ಮಗು ಒಳಗೆ ಚೀರಿತು, ಆಮೇಲೆ ನಕ್ಕಿತು, ಹೊರಗೆ ಬಂದು ಕಟೌಟಿಗೆ ನಾಲಿಗೆ ಚಾಚಿತು. ಸುದ್ದಿ ಹಬ್ಬಿ, ಮಾರನೆಯ ದಿನ ಕೊರಟಗೆರೆ ಬಸ್ಸಿನಿಂದಲೂ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಇಳಿದರು. ಹೌಸ್‌ಫುಲ್ ಆಗಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಜನ ಬರುತ್ತಿದ್ದರು, ಕರಡಿಯ ಕಾಲು ಬೋಳಾಗುತ್ತಿತ್ತು.

ಗುರುವಾರ ವಿತರಕರ ಕಡೆಯ ಪ್ರಸನ್ನ ಕುಮಾರ್ ಲಾರಿಯಲ್ಲಿ ದೊಡ್ಡ ಹೀರೋ ಒಬ್ಬನ ಕಟೌಟ್ ಹೇರಿಕೊಂಡು ಬಂದ. ಆ ಹೀರೋನ ಹಳೆಯ ಹಿಟ್ ಸಿನಿಮಾದ ಮೂರನೇ ಭಾಗ ಮರುದಿನ ಬಿಡುಗಡೆ.

"ಕರಡಿ ಇಳ್ಸಿ, ಗಂಗರತ್ನಕ್ಕ."

"ಇನ್ನೊಂದು ವಾರ ಓಡ್ಲಿ ಕಣಪ್ಪ. ಈಗೀಗ ಜನ ಬತ್ತಾವ್ರೆ."

"ನಮ್ಮ ಯಜಮಾನ್ರು ಕೇಳಲ್ಲ. ಇದನ್ನ ಹಾಕ್ಲಿಲ್ಲ ಅಂದ್ರೆ ಇನ್ಮುಂದೆ ಒಂದು ದೊಡ್ಡ ಪಿಕ್ಚರ್ರೂ ಕೊಡಲ್ಲ. ಟಾಕೀಸಿಗೆ ಬೀಗ ಬೀಳ್ತೈತೆ, ಯೋಚ್ನೆ ಮಾಡಿ."

ಹೆದರಿದೆ. ನಮ್ಮಪ್ಪ ಕಟ್ಟಿಸಿದ ಟಾಕೀಸು ಇದು. ಪಕ್ಕದ ಬೀದಿಯ ಟಾಕೀಸು ಹೀಗೇ ಮುಚ್ಚಿ ಕಲ್ಯಾಣ ಮಂಟಪವಾದದ್ದನ್ನು ಕಣ್ಣಾರೆ ಕಂಡಿದ್ದೆ. ಕೈ ತಾನಾಗಿ ಹೋಗಿ ಕರಡಿಯ ಬೋಳು ಕಾಲನ್ನು ಹಿಡಿದುಕೊಂಡಿತು. ಮೇಲೆ ಉಳಿದಿದ್ದ ನಾರಿನಲ್ಲಿ ಒಂದು ಹಿಡಿ ಕಿತ್ತುಕೊಂಡೆ.

"ಇಳ್ಸಲ್ಲ, ಲಾರಿ ತಿರುಗ್ಸು," ಅಂದೆ. "ಬೀಗ ಹಾಕೋ ದಿನ ಬಂದ್ರೆ ನಾನೇ ಹಾಕ್ಕೊತೀನಿ. ನಿಮ್ಮ ಯಜಮಾನ್ರು ಬೀಗ ತರೋದು ಬ್ಯಾಡ."

ಅವನು ಮುಖ ಸಿಂಡರಿಸಿ ಲಾರಿ ಹತ್ತಿದ. ಮೂಡಲಗಿರಿಯಪ್ಪ ಮ್ಯಾಟ್ನಿಗೆ ಬೆಲ್ ಹೊಡೆದ. ಅರ್ಧ ನಾರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನರ್ಧವನ್ನು ಲಾರಿಯ ಕಿಟಕಿಯಲ್ಲಿ ಪ್ರಸನ್ನ ಕುಮಾರನ ಕೈಗಿಟ್ಟೆ.

"ಇದನ್ನ ನಿಮ್ಮ ಯಜಮಾನ್ರಿಗೆ ಕೊಡಪ್ಪ. ಹೊಸ ಕಥೆ ಕಂಡ್ರೆ ಬೆಚ್ಚಿಬೀಳ್ತಾರಲ್ಲ, ತಾಯಿತ ಕಟ್ಟಿಸ್ಕೊಳ್ಲಿ."