ರಜೆ ಬೇಡ ಎಂದ ದೊಡ್ಡಣ್ಣ

ಹೊಟ್ಟೆ ಕೆಟ್ಟರೆ ಕೆಲಸಕ್ಕೆ ಹೋಗಬೇಕೋ ಬೇಡವೋ? ನಮ್ಮಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿರುತ್ತದೆ: ಒಂದು ಮಾತ್ರೆ ನುಂಗು, ನಡೆ. ಕಾಲು ಮುರಿದರೆ ಊರಿಗೆಲ್ಲ ಕಾಣುತ್ತದೆ, ಹೊಟ್ಟೆಯ ಸಂಗತಿ ಹೇಳಿಕೊಳ್ಳಲು ಮಾತ್ರ ಎಲ್ಲರಿಗೂ ನಾಚಿಕೆ. ದೊಡ್ಡಣ್ಣನೂ ಹೇಳಲಿಲ್ಲ. ಆದರೆ ಅವನು ಬಾಯಿ ಮುಚ್ಚಿಕೊಂಡಿದ್ದು ನಾಚಿಕೆಯಿಂದಲ್ಲ.

ಮಾಂಸ ಸಂಸ್ಕರಿಸುವ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ. ಅವನು ಕೆಲಸ ಮಾಡುವ ಕೋಣೆಯಲ್ಲಿ ಎಲ್ಲರಿಗಿಂತ ಹಳಬನಾದ್ದರಿಂದ ಎಲ್ಲರಿಗೂ ದೊಡ್ಡಣ್ಣ. ಬೇಯಿಸಿ ತಣಿಸಿದ ಮಾಂಸವನ್ನು ಯಂತ್ರಕ್ಕೆ ಕೊಟ್ಟು, ತೆಳ್ಳಗೆ ಬೀಳುವ ಹೋಳುಗಳನ್ನು ಕೈಯಿಂದ ಜೋಡಿಸಿ ಪಕ್ಕದ ಮೇಜಿಗೆ ತಳ್ಳುತ್ತಿದ್ದ. ಅಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸನ್ನು ಅವನು ‘ತಂಗಿ’ ಎಂದು ಕರೆಯುತ್ತಿದ್ದ. ಅದರಾಚೆ ಪ್ಯಾಕೆಟ್ ತೂಗುವ ‘ತೂಕದವನು’ ಬಾಯಿ ತೆರೆದರೆ ನಿಲ್ಲಿಸುತ್ತಿರಲಿಲ್ಲ. ಕೋಣೆಯೊಳಗೆ ಚಳಿ, ಯಂತ್ರದ ಗಲಾಟೆ, ಮುಖಕ್ಕೆ ಮಾಸ್ಕ್. ಆದರೂ ಅವನಿಗೆ ಅದೇ ಇಷ್ಟದ ಜಾಗ.

ಮನೆ ಅಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡು ವರ್ಷ ಕಳೆದಿತ್ತು. ಭಾನುವಾರ ಕೆಳಗಿನ ಅಂಗಡಿಯೂ ಮುಚ್ಚಿರುತ್ತಿತ್ತು. ಆ ದಿನ ಬೆಳಗಿನಿಂದ ಸಂಜೆಯವರೆಗೆ ಅವನು ಯಾರೊಂದಿಗೂ ಒಂದು ಮಾತು ಆಡುತ್ತಿರಲಿಲ್ಲ. ಸೋಮವಾರ ಕಂಪನಿಯ ಗೇಟಿನ ಬಳಿ ಮಾತಾಡಬೇಕಾದರೆ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಅಂಥ ಒಂದು ಭಾನುವಾರ ಅವನಿಗೆ ಭೇದಿ ಹಿಡಿಯಿತು. ಸೋಮವಾರವೂ ನಿಲ್ಲಲಿಲ್ಲ. ಹಾಗೆಯೇ ಕೆಲಸಕ್ಕೆ ಬಂದ.

ಕೋಣೆಯ ಬಾಗಿಲಲ್ಲಿ ಸ್ವಚ್ಛತೆಯ ಮೇಲ್ವಿಚಾರಕಿ ನಿಂತಿದ್ದಳು. ದಿನಾ ಎಲ್ಲರ ಕೈ ನೋಡಿಯೇ ಒಳಗೆ ಬಿಡುತ್ತಿದ್ದುದರಿಂದ ಅವಳಿಗೆ ‘ಕೈ ಮೇಡಂ’ ಎಂದೇ ಹೆಸರು ಬಿದ್ದಿತ್ತು.

“ಕೈ ತೋರಿಸಿ. ಗಾಯ ಇಲ್ಲ ತಾನೆ? ವಾಂತಿ, ಭೇದಿ?”

“ಏನೂ ಇಲ್ಲ ಮೇಡಂ. ಕಲ್ಲು ತಿಂದು ಕರಗಿಸೋ ಹೊಟ್ಟೆ ಇದು.” ಅಷ್ಟಕ್ಕೇ ಸುಮ್ಮನಾಗಬಾರದೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾತು ಮುಂದುವರಿಸಿದ. “ಅಲ್ಲ, ಸುಮ್ನೆ ಕೇಳ್ತೀನಿ. ಕೈಗೆ ಗ್ಲೌಸ್ ಇದೆ, ಬಾಯಿಗೆ ಮಾಸ್ಕ್ ಇದೆ. ಹೊಟ್ಟೆಯೊಳಗಿಂದು ಮಾಂಸಕ್ಕೆ ಹಾರುತ್ತಾ?”

“ಗ್ಲೌಸ್ ಹಾಕ್ಕೊಳ್ಳೋ ಕೈ ಯಾವುದು ದೊಡ್ಡಣ್ಣ? ಕಕ್ಕಸಿನ ಚಿಲಕ ಮುಟ್ಟಿದ ಕೈಯೇ ತಾನೆ? ಹಸಿ ಮಾಂಸ ಆದ್ರೆ ಮನೇಲಿ ಬೇಯಿಸ್ತಾರೆ. ನಾವು ಕಳಿಸೋದನ್ನ ಹಾಗೇ ಬಾಯಿಗೆ ಹಾಕ್ಕೊಳ್ತಾರೆ. ಇದು ಮತ್ತೆ ಬೆಂಕಿ ಕಾಣಲ್ಲ.”

“ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಹಿರಿಯರು.”

“ಆ ಗಾದೆ ಗದ್ದೆಗೆ. ಇಲ್ಲಿ ನಮ್ಮ ಕೈ ಕೆಸರಾದ್ರೆ ಇನ್ಯಾರದೋ ಬಾಯಿಗೆ ವಿಷ.”

ಹಿಂದೆ ನಿಂತವರು ನಕ್ಕರು, ಅವನೂ ನಕ್ಕ. ಹೊಟ್ಟೆ ಹಿಂಡುತ್ತಿತ್ತು. ಆದರೂ ನಾಲ್ಕು ಜನರ ನಡುವೆ ನಿಂತು ನಗುವುದು ಅವನಿಗೆ ಹಿತವಾಗಿತ್ತು.

ಕೆಲಸದ ನಡುವೆ ಎರಡು ಸಲ ಕಕ್ಕಸಿಗೆ ಓಡಿದ. ಗಡಿಬಿಡಿಯಲ್ಲಿ ಕೈಗೆ ನೀರು ತೋರಿಸಿ ಬಂದ, ಸಾಬೂನು ಮುಟ್ಟಲಿಲ್ಲ. ಹೋಳುಗಳು ಬೀಳುತ್ತಲೇ ಇದ್ದವು, ತಂಗಿಯ ಮೇಜಿನಲ್ಲಿ ಪ್ಯಾಕೆಟ್‌ಗಳು ಏರುತ್ತಲೇ ಇದ್ದವು.

ಚಹಾದ ಹೊತ್ತಿನಲ್ಲಿ ತಂಗಿ ಹೇಳಿದಳು: “ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ್ಲು ದೊಡ್ಡಣ್ಣ. ಒಂದು ತುತ್ತೂ ಒಳಗೆ ಹೋಗ್ತಿಲ್ಲ. ನೀವು ಕೊಯ್ಯೋ ತೆಳ್ಳನೆ ಹೋಳು ಬೇಕಂತೆ. ಇವತ್ತಿಂದೇ ಒಂದು ಪ್ಯಾಕೆಟ್ ತಗೊಂಡು ಹೋಗ್ತೀನಿ.”

ದೊಡ್ಡಣ್ಣ ಲೋಟ ಕೆಳಗಿಟ್ಟ. ಆ ಪ್ಯಾಕೆಟ್ ತಿನ್ನುವವರು ಯಾರೋ ಏನೋ ಎಂದು ಅವನು ಇಷ್ಟು ಹೊತ್ತು ಅಂದುಕೊಂಡಿದ್ದ. ಈಗ ಆ ಬಾಯಿ ಯಾರದೆಂದು ಗೊತ್ತಾಯಿತು. ಹೇಳಿದರೆ ಬೆಳಗಿನ ಮಾಲೆಲ್ಲ ಕಸಕ್ಕೆ ಹೋಗುತ್ತದೆ, ಎಲ್ಲರ ಮುಂದೆ ಮಾನ ಹೋಗುತ್ತದೆ. ಅದನ್ನೂ ತಡೆದುಕೊಂಡಾನು. ಆಮೇಲೆ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಒಬ್ಬನೇ ದಿನಗಟ್ಟಲೆ ಬಿದ್ದಿರಬೇಕಲ್ಲ, ಅದಕ್ಕೆ ಅವನು ಹೆದರಿದ.

ಆದರೂ ಎದ್ದ. ನೇರ ಕೈ ಮೇಡಂ ಬಳಿ ಹೋಗಿ ಹೇಳಿದ: “ಸುಳ್ಳು ಹೇಳಿದೆ ಮೇಡಂ. ನಿನ್ನೆಯಿಂದ ಭೇದಿ. ಇವತ್ತಿನ ಮಾಲು ಹೊರಗೆ ಬಿಡಬೇಡಿ.”

ಅವಳು ಕೂಗಾಡಲಿಲ್ಲ. ಅವನ ಕೈ ದಾಟಿದ ಪ್ಯಾಕೆಟ್‌ಗಳನ್ನೆಲ್ಲ ತೆಗೆಸಿ ಎಸೆಯಲು ಹೇಳಿದಳು. ಯಂತ್ರದ ಅಲಗು ಬಿಚ್ಚಿಸಿದಳು. ಯಂತ್ರ, ಮೇಜು, ನಲ್ಲಿ, ಕಕ್ಕಸಿನ ಚಿಲಕ ಎಲ್ಲವನ್ನೂ ತೊಳೆಸಿ ಕ್ರಿಮಿ ಕೊಲ್ಲುವ ಔಷಧಿ ನೀರಿನಿಂದ ಒರೆಸುವಂತೆ ಮಾಡಿದಳು. “ಕೆಟ್ಟ ಮೇಲೆ ಬುದ್ಧಿ ಬಂತು,” ಎಂದು ಯಾರೋ ಗೊಣಗಿದರು. ತಂಗಿ ಅವನ ಕಡೆ ತಿರುಗಿಯೂ ನೋಡಲಿಲ್ಲ.

“ಕಾಯಿಲೆ ಬಿದ್ರೆ ಸಂಬಳ ಹಿಡಿಯಲ್ಲ ಅಂತ ಎಷ್ಟು ಸಲ ಹೇಳಿದೀನಿ,” ಅಂದಳು ಕೈ ಮೇಡಂ. “ಆದ್ರೂ ಯಾಕೆ ಬಂದ್ರಿ?”

“ಮನೇಲಿ ಯಾರಿದಾರೆ ಮೇಡಂ? ಇಲ್ಲಾದ್ರೆ ಹೊಟ್ಟೆ ಹೇಗಿದೆ ಅಂತ ನೀವಾದ್ರೂ ಕೇಳ್ತೀರಿ.”

ಕೈ ಮೇಡಂ ಓಆರ್‌ಎಸ್ ಪುಡಿ ಕೊಟ್ಟು, “ನೀರಲ್ಲಿ ಕದಡಿ ಆಗಾಗ ಕುಡೀರಿ. ರಕ್ತ ಕಂಡ್ರೆ, ತಲೆ ಸುತ್ತಿದ್ರೆ ಡಾಕ್ಟರ ಹತ್ರ ಹೋಗಿ,” ಎಂದು ಕಳಿಸಿದಳು.

ದೊಡ್ಡಣ್ಣ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಕೆಳಗೆ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು, ಅಂಗಡಿಯವನು ಗಿರಾಕಿಗಳೊಂದಿಗೆ ಜಗಳವಾಡುವುದೂ ಕೇಳುತ್ತಿತ್ತು. ಆ ಜಗಳದಲ್ಲಿ ತನ್ನದೂ ಒಂದು ಮಾತಿರಬಾರದಿತ್ತೇ ಅನ್ನಿಸಿತು. ನೀರು ಕುಡಿಯಲು ಏಳಬೇಕಿತ್ತು. ಏಳು ಎನ್ನುವವರಿರಲಿಲ್ಲ. ತಾನು ಸತ್ತರೆ ಮೊದಲು ಗೊತ್ತಾಗುವುದು ಯಾರಿಗೆ ಎಂದು ಯೋಚಿಸಿ ಅತ್ತ.

ಮರುದಿನ ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ತಂಗಿ, ಮುಖ ಊದಿಸಿಕೊಂಡು.

“ನಮ್ಮಮ್ಮ ತಿಂದಿದ್ರೆ ಏನು ಗತಿ ದೊಡ್ಡಣ್ಣ? ಆ ಮೈಗೆ ಭೇದಿ ತಡೆಯೋ ಶಕ್ತಿ ಇದೆಯಾ?”

“ಇಲ್ಲ ತಂಗಿ. ನಾನು ಬರಬಾರದಿತ್ತು.”

“ಬರಬಾರದಿತ್ತು!” ಎನ್ನುತ್ತಾ ಅವಳು ಊಟದ ಡಬ್ಬಿಯನ್ನು ಹೊಸ್ತಿಲ ಮೇಲೆ ಇಟ್ಟಳು. “ಒಳಗೆ ಬರಲ್ಲ. ನಾಳೆ ಈ ಕೈಲಿ ಪ್ಯಾಕ್ ಮಾಡಬೇಕು.” ಅಷ್ಟು ದೂರದಲ್ಲಿ ಮೆಟ್ಟಿಲ ಮೇಲೆ ಕೂತಳು. “ಈಗ ಹೇಗಿದೆ?”

“ಬೆಳಿಗ್ಗೆಯೇ ನಿಂತಿತು. ನಾಳೆ ಬಂದುಬಿಡ್ತೀನಿ.”

“ಬರಬೇಡಿ! ನಿಂತ ಮೇಲೂ ಪೂರ್ತಿ ಎರಡು ದಿನ ಮನೇಲಿರಬೇಕಂತೆ. ಹೊಟ್ಟೆ ಸುಮ್ನಾದ್ರೂ ಕ್ರಿಮಿ ಇನ್ನೂ ಹೊರಗೆ ಬರ್ತಾನೇ ಇರುತ್ತಂತೆ.”

“ಎರಡು ದಿನ ಈ ಗೋಡೆ ನೋಡ್ಕೊಂಡು ಏನು ಮಾಡ್ಲಿ?”

“ನಾಳೆ ತೂಕದವನು ಬರ್ತಾನೆ, ನಾಡಿದ್ದು ಮೇಡಮ್ಮೇ ಬರ್ತಾರಂತೆ,” ಅಂದಳು ತಂಗಿ. “ಇನ್ಮೇಲೆ ಯಾರು ಕಾಯಿಲೆ ಬಿದ್ರೂ ದಿನಾ ಒಬ್ರು ಹೋಗಿ ನೋಡೋದು ಅಂತ ಮಾಡ್ಕೊಂಡಿದೀವಿ. ತೂಕದವನ ಬಾಯಿ ಗೊತ್ತಲ್ಲ? ಅರ್ಧ ಗಂಟೆಗೇ ‘ಎದ್ದು ಹೋಗಪ್ಪಾ’ ಅಂತೀರಿ.”

“ಅನ್ನಲ್ಲ,” ಅಂದ ದೊಡ್ಡಣ್ಣ. “ಎಷ್ಟು ಬೇಕಾದ್ರೂ ಮಾತಾಡ್ಲಿ.” ಆ ಎರಡೂ ದಿನ ಅವನು ಕೆಲಸಕ್ಕೆ ಹೋಗಲಿಲ್ಲ.

ಈ ಕಥೆ ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕೈ ಮುಟ್ಟಿದ್ದನ್ನು ಊರು ತಿನ್ನುತ್ತದೆ. ಕಕ್ಕಸಿಗೆ ಹೋಗಿ ಬಂದರೆ ಸಾಬೂನು ಹಚ್ಚಿ ಉಜ್ಜಿ ತೊಳೆಯಿರಿ, ಗ್ಲೌಸ್ ಆಮೇಲೆ. ಕೈಗೆ ಗಾಯವಾದರೆ, ವಾಂತಿ ಭೇದಿಯಾದರೆ ಮುಚ್ಚಿಡದೆ ಹೇಳಿ. ನಿಂತ ಮೇಲೂ ಎರಡು ದಿನ ಅಡುಗೆ, ಮಾಂಸ, ಹಾಲು ಯಾವುದಕ್ಕೂ ಕೈ ಹಾಕಬೇಡಿ. ಮತ್ತೆ, ನಿಮ್ಮ ಪಕ್ಕದಲ್ಲಿ ಕೆಲಸ ಮಾಡುವವರು ಇವತ್ತು ಬಂದಿಲ್ಲವೇ? ಮನೆಯಲ್ಲಿ ಅವರು ಒಬ್ಬರೇ ಇರಬಹುದು. ಸಂಜೆ ಮನೆಗೆ ಹೋಗುವಾಗ ಅವರ ಬಾಗಿಲು ತಟ್ಟಿ ಹೋಗಿ.