ಮುಬೀನ್ ಚಾನೆಲ್ಲಿನಲ್ಲಿ ಎಣ್ಣೆಗಾಯಿ

ಪ್ರತಿ ಶುಕ್ರವಾರ ಹಲಸೂರಿನ ಕೇಬಲ್ ಟಿವಿಯಲ್ಲಿ ಲೈವ್ ಆಗಿ ಅಡುಗೆ ಹೇಳಿಕೊಡುವ ಜಯದೇವಿ ನಾನೇ. ಚಾನೆಲ್ಲು ಕೇಬಲ್ ಆಪರೇಟರ್ ಮುಬೀನನದು. ಸ್ಟುಡಿಯೋ ಅಂದರೆ ಅವನ ಆಫೀಸಿನ ಹಿಂದಿನ ಕೋಣೆ, ಒಂದು ಗ್ಯಾಸ್ ಒಲೆ, ಒಂದು ಕ್ಯಾಮೆರಾ. ಆದರೇನು, ಮಾರ್ಕೆಟ್ಟಿಗೆ ಹೋದರೆ ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ನನಗದು ಬಲು ಇಷ್ಟ, ಸುಳ್ಳೇಕೆ ಹೇಳಲಿ!

ಆಮೇಲೆ ಬಂತು ನೋಡಿ ಈ ಫೈಬರ್. ಒಂದೇ ತಂತಿಯಲ್ಲಿ ಟಿವಿ, ಫೋನು, ಇಂಟರ್ನೆಟ್ಟು. ಒಂದು ಕಂಪನಿಯವನು ಬಾಗಿಲು ತಟ್ಟಿ ಮೂರು ತಿಂಗಳು ಪುಕ್ಕಟೆ ಅಂದರೆ, ಅವನ ಬೆನ್ನಿಗೇ ಬಂದ ಇನ್ನೊಬ್ಬ ಆರು ತಿಂಗಳು ಅಂದ. ನಮ್ಮ ಯಜಮಾನರು ಚಂದ್ರಶೇಖರಯ್ಯನವರು ಪುಕ್ಕಟೆ ಅಂದರೆ ಬಿಡುವವರೇ? ನಾನು ತರಕಾರಿ ತೆಗೆದುಕೊಂಡು ಬರುವಷ್ಟರಲ್ಲಿ ಕೇಬಲ್ ಕಿತ್ತುಹಾಕಿಸಿದ್ದರು. ಟಿವಿಯಲ್ಲಿ ಜಗತ್ತೆಲ್ಲ ಬಂತು, ಮುಬೀನನ ಚಾನೆಲ್ ಬರಲಿಲ್ಲ. ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟೆ. ತಟ್ಟೆಯನ್ನೂ ಅವರ ಮುಂದೆ ಕುಕ್ಕಿಯೇ ಇಡುತ್ತಿದ್ದೆ.

ಈ ಶುಕ್ರವಾರ ಮುಬೀನ್ ತಲೆ ಕೆರೆದುಕೊಂಡ.

"ಆಂಟಿ, ಎಲ್ರೂ ಫೈಬರ್‌ಗೆ ಹೋಗ್ಬಿಟ್ರು. ಹೋದ್ ವಾರ ನಿಮ್ ಪ್ರೋಗ್ರಾಮ್‌ಗೆ ಒಂದ್ ಫೋನ್ ಕಾಲೂ ಬರ್ಲಿಲ್ಲ. ಇವತ್ತೂ ಬರ್ಲಿಲ್ಲ ಅಂದ್ರೆ ನಿಲ್ಲಿಸ್ಬಿಡೋಣ."

ಎಣ್ಣೆಗಾಯಿ ಮಾಡುತ್ತ ನಗುನಗುತ್ತಲೇ ಮಾತಾಡಿದೆ, ಕಣ್ಣೆಲ್ಲ ಫೋನಿನ ಮೇಲೆ. ಬದನೆಕಾಯಿ ಬೆಂದಿತು, ಫೋನು ಮಾತ್ರ ಸುಮ್ಮನಿತ್ತು. ಒಲೆ ಆರಿಸಲು ಕೈ ಚಾಚಿದೆ. ಆಗ ಹೊಡೆದುಕೊಂಡಿತು ಫೋನು!

"ಹಲೋ ಮೇಡಂ, ನಾನು ದೊಮ್ಮಲೂರಿಂದ ದೊಡ್ಡಮುನಿಯಪ್ಪ. ಎಣ್ಣೆಗಾಯಿಗೆ ಹುಣಸೆಹಣ್ಣು ಎಷ್ಟ್ ಹಾಕ್ಬೇಕು?"

ಮೂಗು ಹಿಡಿದುಕೊಂಡು ಮಾತಾಡಿದರೆ ಆ ಧ್ವನಿ ನನಗೆ ತಿಳಿಯುವುದಿಲ್ಲವೇ? ಕ್ಯಾಮೆರಾ ಓಡುತ್ತಿರುವುದೂ ಮರೆತುಹೋಯಿತು.

"ರೀ! ಮದ್ವೆ ಆದಾಗ್ಲಿಂದ ತಿಂತಿದೀರಲ್ಲ, ಗೊತ್ತಿಲ್ವಾ? ಕೇಬಲ್ ಕಿತ್ತಾಕ್ಸಿದೋರು ನೀವೇ, ಈಗ ಎಲ್ಲಿ ಕೂತು ನೋಡ್ತಿದೀರಿ?"

ಮೂಗಿನಿಂದ ಕೈ ತೆಗೆದರು ಅನಿಸುತ್ತದೆ, ಧ್ವನಿ ಸರಿಹೋಯಿತು.

"ಹುಸೇನಮ್ಮನ ಹೂವಿನಂಗಡೀಲಿ ಕಣೇ. ಇಲ್ಲಿನ್ನೂ ಕೇಬಲ್ ಇದೆ. ನಮ್ಮನೆ ಟಿವೀಲಿ ಎಲ್ಲಾ ಬರುತ್ತೆ, ನೀನ್ ಬರಲ್ವಲ್ಲ."

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಕಣ್ಣು ತುಂಬಿತು. ಈರುಳ್ಳಿ ಖಾರ ಅನ್ನುತ್ತ ಸೆರಗಿನಲ್ಲಿ ಒರೆಸಿಕೊಂಡು ಮುಬೀನನ ಕಡೆ ತಿರುಗಿದೆ.

"ಇದು ಲೆಕ್ಕಕ್ಕಿಲ್ಲ ಬಿಡಪ್ಪ, ನಮ್ಮನೆಯವ್ರು."

"ಕಾಲ್ ಅಂದ್ರೆ ಕಾಲೇ, ಆಂಟಿ. ಪ್ರೋಗ್ರಾಮ್ ನಿಲ್ಸಲ್ಲ," ಎಂದು ಅವನು ಕ್ಯಾಮೆರಾ ಹಿಂದೆ ಬಿದ್ದು ಬಿದ್ದು ನಗುತ್ತಿದ್ದ. "ಫೋನ್ ಇಡ್ಬೇಡಿ, ಅಂಕಲ್‌ಗೆ ಇನ್ನೂ ಸ್ವಲ್ಪ ಬೈರಿ. ಜನ ನೋಡ್ತಾರೆ!"